ಮೊಬೈಲ್ ಸಂತೆಯಲ್ಲಿ ಮೋಸ ಹೋಗದಿರೋಣ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಹಸುವಿನ ಆರೋಗ್ಯ, ಮೇವು, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ನನಗಿಂತ ತಿಳಿದವರು ಈಗಾಗಲೇ ಮಾತಾಡಿದ್ದಾರೆ. ನನಗೆ ಮಂಡಳಿಯವರು ಕೊಟ್ಟಿರುವ ವಿಷಯವೇ ಬೇರೆ. ಫೋನಿನಲ್ಲಿ ಸಾಮಾನು ಕೊಳ್ಳುವಾಗ, ಮಾರುವಾಗ ನಮ್ಮ ದುಡ್ಡನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದು. ಡೇರಿಯ ಸಭೆಗೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ. ಹಿಂದೆ ಬಟವಾಡೆ ಕೈಗೆ ಬರುತ್ತಿತ್ತು, ಸೆರಗಿನ ಗಂಟಿನಲ್ಲೋ ಅಕ್ಕಿ ಡಬ್ಬದಲ್ಲೋ ಇರುತ್ತಿತ್ತು. ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಅಲ್ಲಿಗೇ ಬರುತ್ತದೆ. ಆ ಖಾತೆ ಫೋನಿನ ಒಳಗೆ ಕೂತಿದೆ. ಅಂದರೆ ವರ್ಷಪೂರ್ತಿ ಸಗಣಿ ಬಾಚಿ, ಹುಲ್ಲು ಹೊತ್ತು ದುಡಿದ ದುಡ್ಡು ಒಂದು ಬೆರಳಿನ ತುದಿಯಲ್ಲಿ ಬರುವುದಕ್ಕೂ ಹೋಗುವುದಕ್ಕೂ ದಾರಿ ಆಗಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫೋನಿನಲ್ಲಿ ಏನನ್ನೂ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಯಾರೂ ಕೇಳುವುದೂ ಇಲ್ಲ. ತಾಲ್ಲೂಕಿನ ಅಂಗಡಿಯಲ್ಲಿ ಸಿಗದ ಬಿಡಿಭಾಗ ಮನೆ ಬಾಗಿಲಿಗೆ ಬರುತ್ತದೆ. ಬಸ್ಸಿನ ಚಾರ್ಜು, ಒಂದು ದಿನದ ಕೆಲಸ ಉಳಿಯುತ್ತದೆ. ಹೆಣ್ಣುಮಕ್ಕಳು ಯಾರನ್ನೂ ಕಾಯದೆ ತಮಗೆ ಬೇಕಾದ್ದನ್ನು ತಾವೇ ತರಿಸಿಕೊಳ್ಳುತ್ತಾರೆ. ಇದೆಲ್ಲ ಒಳ್ಳೆಯದೇ. ಸಂತೆಗೆ ಹೋಗುವುದು ತಪ್ಪಲ್ಲ, ಸಂತೆಯಲ್ಲಿ ಜೇಬು ನೋಡಿಕೊಳ್ಳದೆ ಇರುವುದು ತಪ್ಪು.

ಈ ಮೊಬೈಲ್ ಸಂತೆಯಲ್ಲಿ ಮೂರು ಬೀದಿಗಳಿವೆ ಅಂದುಕೊಳ್ಳಿ. ಮೊದಲನೆಯದು, ಎಲ್ಲರಿಗೂ ಗೊತ್ತಿರುವ ದೊಡ್ಡ ಮಾರಾಟದ ಆ್ಯಪ್‌ಗಳು. ಅಲ್ಲಿ ದುಡ್ಡು ಕಂಪನಿಯ ಮೂಲಕ ಹೋಗುತ್ತದೆ, ಅನೇಕ ಸಾಮಾನುಗಳಿಗೆ ವಾಪಸಿನ ಸೌಲಭ್ಯ ಇರುತ್ತದೆ, ರಸೀತಿ ಇರುತ್ತದೆ. ಎರಡನೆಯದು, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಬರುವ ಜಾಹೀರಾತು. ಒತ್ತಿದರೆ ಹೆಸರೇ ಕೇಳಿರದ ಯಾವುದೋ ವೆಬ್‌ಸೈಟಿಗೆ ಕರೆದುಕೊಂಡು ಹೋಗುತ್ತದೆ. ಮೂರನೆಯದು, ಗುರುತಿಲ್ಲದ ಮನುಷ್ಯ ಇನ್ನೊಬ್ಬ ಗುರುತಿಲ್ಲದ ಮನುಷ್ಯನಿಗೆ ಮಾರುವುದು. ಹಳೇ ಟ್ರ್ಯಾಕ್ಟರ್, ಬೈಕು, ಹಸು, ಎಮ್ಮೆ ಎಲ್ಲ ಈ ಬೀದಿಯಲ್ಲಿ ಮಾರಾಟಕ್ಕಿವೆ. ಮೊದಲನೇ ಬೀದಿಯಲ್ಲಿ ಒಂದು ಕಣ್ಣು ತೆರೆದಿದ್ದರೆ ಸಾಕು, ಎರಡನೆಯದರಲ್ಲಿ ಎರಡೂ ಕಣ್ಣು ತೆರೆದಿರಬೇಕು. ಮೂರನೆಯದರಲ್ಲಿ ಹೋಗಿ ಕೈಯಿಂದ ಮುಟ್ಟಿ ನೋಡುವ ತನಕ ಒಂದು ರೂಪಾಯಿಯನ್ನೂ ಬಿಚ್ಚಬಾರದು.

ನಮ್ಮ ಕಸುಬಿಗೆ ಹತ್ತಿರವಾದ ಮೂರನೇ ಬೀದಿಯಿಂದಲೇ ಶುರು ಮಾಡೋಣ. 2024ರಲ್ಲಿ ಉತ್ತರ ಪ್ರದೇಶದ ರಾಯ್‌ಬರೇಲಿ ಜಿಲ್ಲೆಯ ಒಬ್ಬ ರೈತರ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಯೂಟ್ಯೂಬಿನಲ್ಲಿ ಎಮ್ಮೆಯ ವಿಡಿಯೋ ನೋಡಿ ಅವರು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಬೆಲೆ 55 ಸಾವಿರ, ದಿನಕ್ಕೆ 18 ಲೀಟರ್ ಹಾಲು ಅಂತ ಹೇಳಿದರು. ಮುಂಗಡ 10 ಸಾವಿರ ಕಳಿಸಿದರು. ಎಮ್ಮೆ ಬರಲಿಲ್ಲ, ಇನ್ನೂ 25 ಸಾವಿರ ಕೊಡಿ ಅನ್ನುವ ಫೋನ್ ಬಂತು. ಆಮೇಲೆ ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಇದು ದೂರದ ಊರಿನ ಮಾತು ಅಂತ ಬಿಡಬೇಡಿ. ಅಂಥ ವಿಡಿಯೋಗಳು ನಮ್ಮ ಫೋನಿಗೂ ಬರುತ್ತಿವೆ. ಹಸುವಿನ ಪಟ ಹಾಲು ಕೊಡುವುದಿಲ್ಲ.

ಯೋಚನೆ ಮಾಡಿ. ಜಾತ್ರೆಯಲ್ಲಿ ಹಸು ಕೊಳ್ಳುವಾಗ ನಾವು ಏನೇನು ಮಾಡುತ್ತೇವೆ? ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ಎರಡು ಹೊತ್ತು ಕರೆದು ನೋಡುತ್ತೇವೆ. ಜೊತೆಗೆ ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಿರುತ್ತೇವೆ. ಅದೇ ಮನುಷ್ಯ ಫೋನು ಕೈಗೆ ಬಂದ ತಕ್ಷಣ ನೋಡದ ಹಸುವಿಗೆ ಮುಂಗಡ ಕಳಿಸುತ್ತಾನೆ ಅಂದರೆ ಬುದ್ಧಿ ಕಡಿಮೆಯಾಗಿದೆ ಅಂತಲ್ಲ, ರೂಢಿ ತಪ್ಪಿದೆ ಅಂತ. ಫೋನಿನಲ್ಲಿ ಹಸು ನೋಡುವುದಾದರೆ ನೋಡಿ. ಇಷ್ಟವಾದರೆ ಆ ಊರಿಗೆ ಹೋಗಿ. ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಪಶು ವೈದ್ಯರಿಗೆ ಆ ಸಂಖ್ಯೆ ತೋರಿಸಿ ವಿಚಾರಿಸಿ. ಕರೆದು ನೋಡಿ, ಆಮೇಲೆ ದುಡ್ಡು.

ಇದೇ ಬೀದಿಯಲ್ಲಿ ಮಾರುವವರಿಗೂ ಬಲೆ ಇದೆ. ನೀವು ಹಳೇ ಮೇವು ಕತ್ತರಿಸುವ ಯಂತ್ರ ಮಾರಾಟಕ್ಕಿದೆ ಅಂತ ಹಾಕುತ್ತೀರಿ. ಒಬ್ಬ ಫೋನ್ ಮಾಡುತ್ತಾನೆ, ನಾನು ಸೈನ್ಯದಲ್ಲಿದ್ದೇನೆ ಅನ್ನುತ್ತಾನೆ, ಸಮವಸ್ತ್ರದ ಪಟ ಕಳಿಸುತ್ತಾನೆ. ಚೌಕಾಸಿಯನ್ನೇ ಮಾಡುವುದಿಲ್ಲ. ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾನೆ. ಒತ್ತಿದರೆ ದುಡ್ಡು ಬರುವುದಿಲ್ಲ, ಹೋಗುತ್ತದೆ. ನಿಜವಾದ ಯೋಧರಿಗೂ ಇದರಿಂದ ಕೆಟ್ಟ ಹೆಸರು.

2016ರಲ್ಲಿ ಯುಪಿಐ ಬಂತು. ಈಗ ಬೀಡಾ ಅಂಗಡಿಯಲ್ಲೂ ಇದೆ. ಆದರೂ ಒಂದು ಮಾತು ನಮ್ಮಲ್ಲಿ ಅನೇಕರಿಗೆ ಇನ್ನೂ ಖಚಿತವಾಗಿಲ್ಲ. ದುಡ್ಡು ಕೊಡುವುದಕ್ಕೆ ಮಾತ್ರ ಪಿನ್ ಬೇಕು, ತಗೊಳ್ಳುವುದಕ್ಕೆ ಪಿನ್ ಬೇಡ. ಡೇರಿಯಲ್ಲಿ ಹಾಲು ಹಾಕುವಾಗ ಕ್ಯಾನು ಬಗ್ಗಿಸುತ್ತೇವೆ. ಬಟವಾಡೆ ತಗೊಳ್ಳುವಾಗ ಯಾರಾದರೂ ಕ್ಯಾನು ಬಗ್ಗಿಸು ಅಂದರೆ ನಗುತ್ತೇವಲ್ಲವೇ? ದುಡ್ಡು ಬರಬೇಕಾದರೆ ಪಿನ್ ಒತ್ತು ಅನ್ನುವುದೂ ಅಷ್ಟೇ. ಪಿನ್ ಕೇಳಿತು ಅಂದರೆ ನಿಮ್ಮ ಕ್ಯಾನು ಬಗ್ಗುತ್ತಿದೆ ಅಂತ ತಿಳಿಯಿರಿ.

ಇನ್ನು ಎರಡನೇ ಬೀದಿ. ಹಾಲು ಕರೆಯುವ ಯಂತ್ರ ಅರ್ಧ ಬೆಲೆಗೆ, ಕಳೆ ಕೊಚ್ಚುವ ಯಂತ್ರ ಕಾಲು ಬೆಲೆಗೆ, ಇವತ್ತು ರಾತ್ರಿ 12ರ ತನಕ ಮಾತ್ರ, ಇನ್ನು ಮೂರೇ ಉಳಿದಿವೆ ಅಂತೆಲ್ಲ ಬರುತ್ತದೆ. ಗಡಿಯಾರ ಓಡುತ್ತಿರುತ್ತದೆ. ಈ ಅವಸರವೇ ಅವರ ಬಂಡವಾಳ. ಒಂದು ರಾತ್ರಿ ಕಳೆದರೆ ನಮಗೆ ವಿವೇಕ ಬರುತ್ತದೆ ಅಂತ ಅವರಿಗೆ ಗೊತ್ತು. ಹಾಗಾಗಿ ದುಡ್ಡು ಕೊಡುವ ಮುಂಚೆ ನಾಲ್ಕು ಪರೀಕ್ಷೆ ಮಾಡಿ.

ಒಂದು, ವಿಳಾಸದ ಸಾಲನ್ನು ಅಕ್ಷರ ಅಕ್ಷರ ಓದಿ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿ ನಕಲಿ ಅಂಗಡಿ ತೆರೆದಿರುತ್ತಾರೆ. ಬೀಗದ ಗುರುತು ಇದೆ, ಹಾಗಾಗಿ ಸುರಕ್ಷಿತ ಅಂತ ಕೆಲವರು ಹೇಳುತ್ತಾರೆ. ಆ ಬೀಗಕ್ಕೆ ಅರ್ಥ, ನೀವು ಕಳಿಸುವ ಮಾಹಿತಿಯನ್ನು ನಡುವೆ ಬೇರೆಯವರು ಓದಲಾರರು ಅಂತ ಮಾತ್ರ. ಅಂಗಡಿಯವನು ಪ್ರಾಮಾಣಿಕ ಅಂತ ಅದು ಹೇಳುವುದಿಲ್ಲ. ಕಳ್ಳನ ಮನೆಗೂ ಬೀಗ ಇರುತ್ತದೆ.

ಎರಡು, ಮಾರುವವರು ಯಾರು ಅಂತ ನೋಡಿ. 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರ ಮಾಡುವ ಸಂಸ್ಥೆ ತನ್ನ ಹೆಸರು, ವಿಳಾಸ, ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು ಎಲ್ಲವನ್ನೂ ತೋರಿಸಲೇಬೇಕು. ಬರೀ ಒಂದು ವಾಟ್ಸಾಪ್ ನಂಬರ್ ಇದ್ದರೆ ಅದು ಅಂಗಡಿಯಲ್ಲ.

ಮೂರು, ಜಿಎಸ್‌ಟಿ ಸಂಖ್ಯೆ ನೋಡಿ. ಅದರಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಬೆಂಗಳೂರಿನ ಕಂಪನಿ ಅಂತ ಹೇಳಿಕೊಂಡು ಬೇರೆ ಸಂಖ್ಯೆ ಕೊಟ್ಟಿದ್ದರೆ ಯಾಕೆ ಅಂತ ಕೇಳಿ. ಜಿಎಸ್‌ಟಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಪುಕ್ಕಟೆಯಾಗಿ ಕಾಣುತ್ತದೆ. ನಿಮ್ಮ ಮನೆಯ ಕಾಲೇಜು ಹುಡುಗ ಹುಡುಗಿಯರಿಗೆ ಇದು ಎರಡು ನಿಮಿಷದ ಕೆಲಸ.

ನಾಲ್ಕು, ಯುಪಿಐನಲ್ಲಿ ಪಿನ್ ಹಾಕುವ ಮುಂಚೆ ದುಡ್ಡು ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಯಂತ್ರದ ಕಂಪನಿಯ ಹೆಸರು ಒಂದು, ಪರದೆಯ ಮೇಲೆ ಬಂದ ಹೆಸರು ಯಾರೋ ಒಬ್ಬ ವ್ಯಕ್ತಿಯದು ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬೇರೆಯವರ ಜಿಎಸ್‌ಟಿ ಸಂಖ್ಯೆಯನ್ನು ಕದ್ದು ಹಾಕಬಹುದು. ಆದರೆ ದುಡ್ಡು ಹೋಗುವ ಖಾತೆಯ ಹೆಸರನ್ನು ಅಷ್ಟು ಸುಲಭವಾಗಿ ಮುಚ್ಚಿಡಲು ಆಗುವುದಿಲ್ಲ.

ಸರ್ಕಾರಿ ಯೋಜನೆಯ ಹೆಸರಿನಲ್ಲೂ ಅಂಗಡಿ ತೆರೆದಿದ್ದಾರೆ. ಸೋಲಾರ್ ಪಂಪಿನ ಪಿಎಂ ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳು ನೋಂದಣಿ ಶುಲ್ಕ ಕೇಳುತ್ತಿವೆ, ಕೊಡಬೇಡಿ ಅಂತ ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದವರು ಮತ್ತೆ ಮತ್ತೆ ಪ್ರಕಟಣೆ ಕೊಟ್ಟಿದ್ದಾರೆ. ಸಬ್ಸಿಡಿಯ ವಿಷಯ ಅಂದರೆ ರೈತ ಸಂಪರ್ಕ ಕೇಂದ್ರಕ್ಕೋ ಸಂಬಂಧಪಟ್ಟ ಕಚೇರಿಗೋ ಹೋಗಿ ಕೇಳಿ. ಬ್ಯಾಂಕಿನ ವೆಬ್‌ಸೈಟು ಅಂತ ಹೇಳಿದರೆ ಅದರ ವಿಳಾಸ ನೋಡಿ. ನಮ್ಮ ದೇಶದ ಬ್ಯಾಂಕುಗಳೆಲ್ಲ ತಮ್ಮ ವಿಳಾಸದ ಕೊನೆಯಲ್ಲಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ಬರುವಂತೆ ಬದಲಾಯಿಸಿಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ ಕೊನೆಯ ಗಡುವು ಕೊಟ್ಟಿತ್ತು.

ಮೊದಲನೇ ಬೀದಿಯಲ್ಲಿ, ಅಂದರೆ ದೊಡ್ಡ ಆ್ಯಪ್‌ಗಳಲ್ಲಿ ಕೊಂಡರೆ ಭಯವಿಲ್ಲವೇ ಅಂದರೆ, ಅಲ್ಲೂ ಸ್ವಲ್ಪ ಇದೆ. ಪೆಟ್ಟಿಗೆ ಒಡೆಯುವಾಗ ಮಕ್ಕಳಿಂದ ಒಂದು ವಿಡಿಯೋ ಮಾಡಿಸಿಟ್ಟುಕೊಳ್ಳಿ. ಒಳಗೆ ಕಲ್ಲೋ ಬೇರೆ ಸಾಮಾನೋ ಬಂದರೆ ಅದೇ ಸಾಕ್ಷಿ. ನಿಮ್ಮ ಮನೆಯಲ್ಲಿ ಯಾರೂ ತರಿಸದ ಪಾರ್ಸೆಲ್‌ಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಡಿ. ಬೆಂಗಳೂರಿನಲ್ಲಿರುವ ಮಗ ಏನೋ ಕಳಿಸಿದ್ದಾನೆ ಅಂತ ತಂದೆತಾಯಿ ದುಡ್ಡು ಕೊಟ್ಟುಬಿಡುತ್ತಾರೆ. ಮೊದಲು ಮಗನಿಗೆ ಒಂದು ಫೋನ್ ಮಾಡಿ. ಅಂಚೆಯಲ್ಲಿ ಉಜ್ಜುವ ಕಾರ್ಡು ಬಂದು, ಉಜ್ಜಿದರೆ ಕಾರು ಬಹುಮಾನ ಅಂತ ಇದ್ದರೆ ಅದನ್ನು ಒಲೆಗೆ ಹಾಕಿ. ಬಹುಮಾನಕ್ಕೆ ತೆರಿಗೆ ಕಟ್ಟು ಅಂತ ಕೇಳುವವನು ಬಹುಮಾನ ಕೊಡುವವನಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರುತ್ತೇನೆ. ಇದು ನಮ್ಮೂರಿನದೇ. ಹೆಸರು ಹೇಳುವುದಿಲ್ಲ. ಆದರೆ ಇನ್ನೊಬ್ಬರಿಗೆ ಆಗಬಾರದು, ಸಭೆಯಲ್ಲಿ ಹೇಳಣ್ಣ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ನಮ್ಮ ಸದಸ್ಯೆಯೊಬ್ಬರು 640 ರೂಪಾಯಿಯ ಸೀರೆ ತರಿಸಿದರು. ಬಣ್ಣ ಬೇರೆ ಬಂತು, ವಾಪಸು ಮಾಡಬೇಕಿತ್ತು. ಕಂಪನಿಯ ನಂಬರ್ ಏನು ಅಂತ ಫೋನಿನಲ್ಲಿ ಹುಡುಕಿದರು. ಒಂದು ಮೊಬೈಲ್ ನಂಬರ್ ಸಿಕ್ಕಿತು. ಅದು ಕಂಪನಿಯದಲ್ಲ, ಕಳ್ಳರು ಕಂಪನಿಯ ಹೆಸರು ಹಾಕಿ ಬಿಟ್ಟಿದ್ದ ನಂಬರು. ಆ ಕಡೆಯವನು ಬಹಳ ಮರ್ಯಾದೆಯಿಂದ ಅಮ್ಮಾ ಅಮ್ಮಾ ಅಂತ ಮಾತಾಡಿದ. ದುಡ್ಡು ವಾಪಸು ಹಾಕಲು ಒಂದು ಆ್ಯಪ್ ಹಾಕಿಕೊಳ್ಳಿ ಅಂದ. ಆ ಆ್ಯಪ್ ಹಾಕಿದರೆ ನಮ್ಮ ಪರದೆಯ ಮೇಲೆ ಕಾಣುವುದೆಲ್ಲ ಅವನಿಗೂ ಕಾಣುತ್ತದೆ, ಓಟಿಪಿ ಸಮೇತ. ಕಾಲು ಗಂಟೆಯಲ್ಲಿ 38 ಸಾವಿರ ಹೋಯಿತು. ಕರು ಹಾಕಿದ ಹಸುವಿನ ಮೂರು ತಿಂಗಳ ಹಾಲಿನ ದುಡ್ಡು, ಮಗಳ ಕಾಲೇಜು ಫೀಜಿಗೆ ಅಂತ ಇಟ್ಟಿದ್ದು.

ದುಡ್ಡು ಹೋದದ್ದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಆಮೇಲೆ ಆಯಿತು. ಆ ತಾಯಿ ಆರು ದಿನ ಯಾರಿಗೂ ಹೇಳಲಿಲ್ಲ. ಮನೆಯವರು ಬೈಯುತ್ತಾರೆ, ಡೇರಿ ಹತ್ತಿರ ಜನ ನಗುತ್ತಾರೆ ಅನ್ನುವ ಭಯ. ಆ ಆರು ದಿನವೂ ಅವರು ಎರಡು ಹೊತ್ತು ಇಲ್ಲಿಗೆ ಬಂದು ಹಾಲು ಹಾಕಿದ್ದಾರೆ, ನಮ್ಮೆಲ್ಲರ ಮುಖ ನೋಡಿದ್ದಾರೆ, ಹೇಳಿಲ್ಲ. ಬ್ಯಾಂಕಿಗೆ ಹೋಗುವ ಹೊತ್ತಿಗೆ ಆ ದುಡ್ಡು ಎಷ್ಟೋ ಖಾತೆ ದಾಟಿ ಹೋಗಿತ್ತು. ಮೋಸ ಮಾಡಿದವನು ದೂರದಲ್ಲಿದ್ದ. ಆದರೆ ಬಾಯಿ ಕಟ್ಟಿದ್ದು ನಮ್ಮ ನಗುವಿನ ಭಯ. ಇದನ್ನು ನಾವೆಲ್ಲ ಯೋಚನೆ ಮಾಡಬೇಕು.

ಯಾಕೆ ಅಂದರೆ ಇದರಲ್ಲಿ ಹೊತ್ತೇ ಮುಖ್ಯ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ 1930 ನಂಬರಿಗೆ ಫೋನ್ ಮಾಡಬೇಕು. 2021ರಿಂದ ಕೇಂದ್ರ ಗೃಹ ಇಲಾಖೆ ಈ ವ್ಯವಸ್ಥೆ ನಡೆಸುತ್ತಿದೆ. ನೀವು ಹೇಳಿದ ವಿವರ ಪೊಲೀಸರಿಂದ ಬ್ಯಾಂಕುಗಳಿಗೆ ಹೋಗುತ್ತದೆ. ದುಡ್ಡು ಯಾವ ಖಾತೆಯಲ್ಲಿ ಇನ್ನೂ ಉಳಿದಿದೆಯೋ ಅಲ್ಲೇ ಅದನ್ನು ತಡೆಹಿಡಿಯಲು ಆಗುತ್ತದೆ. ಕಳ್ಳ ಅದನ್ನು ಎಟಿಎಮ್ಮಿನಲ್ಲಿ ಬಿಡಿಸಿಕೊಂಡ ಮೇಲೆ ತಡೆಯುವುದಕ್ಕೆ ಏನೂ ಉಳಿಯುವುದಿಲ್ಲ. ಫೋನ್ ಮಾಡುವಾಗ ನಿಮ್ಮ ಬ್ಯಾಂಕಿನ ಹೆಸರು, ಹೋದ ಮೊತ್ತ, ಹೊತ್ತು, ಮೆಸೇಜಿನಲ್ಲಿ ಬಂದಿರುವ ವ್ಯವಹಾರದ ಸಂಖ್ಯೆ ಇವನ್ನು ಎದುರಿಗೆ ಇಟ್ಟುಕೊಳ್ಳಿ. ಹಾಗೆಯೇ ನಿಮ್ಮ ಬ್ಯಾಂಕಿಗೂ ತಿಳಿಸಿ ಖಾತೆಯನ್ನು ತಡೆಸಿ. ಮೆಸೇಜುಗಳನ್ನು ಅಳಿಸಬೇಡಿ.

ಬ್ಯಾಂಕಿಗೆ ತಿಳಿಸುವುದಕ್ಕೆ ಇನ್ನೊಂದು ಕಾರಣ ಇದೆ. ರಿಸರ್ವ್ ಬ್ಯಾಂಕು 2017ರಲ್ಲಿ ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಹಾಕಿಕೊಟ್ಟ ನಿಯಮದ ಸಾರ ಇಷ್ಟು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ದುಡ್ಡು ಹೋಗಿ, ಬ್ಯಾಂಕಿನ ಮೆಸೇಜು ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವುದಿಲ್ಲ. ಗ್ರಾಹಕರೇ ಪಿನ್, ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಅವರದೇ. ತಿಳಿಸಿದ ಮೇಲೂ ದುಡ್ಡು ಹೋದರೆ ಅದು ಬ್ಯಾಂಕಿನ ಜವಾಬ್ದಾರಿ. ಹೇಗೆ ನೋಡಿದರೂ ಬೇಗ ಬಾಯಿ ಬಿಟ್ಟವರಿಗೆ ಲಾಭ.

ಮೋಸ ಬೇರೆ, ಕೆಟ್ಟ ಸಾಮಾನು ಬೇರೆ. ಅಂಗಡಿ ನಿಜವಾದದ್ದೇ, ಆದರೆ ಮೋಟಾರು ಮೂರು ದಿನಕ್ಕೇ ಸುಟ್ಟಿತು, ವಾಪಸು ತಗೊಳ್ಳುತ್ತಿಲ್ಲ ಅಂದರೆ 1930 ಅಲ್ಲ, ಗ್ರಾಹಕರ ಸಹಾಯವಾಣಿ 1915. ಕಂಪನಿಯವರು ದೂರು ಬಂತು ಅಂತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ ನಿಯಮ ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ಕಂಪನಿ ದೆಹಲಿಯಲ್ಲಿದ್ದರೂ ನಾವು ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ. ಅದಕ್ಕೇ ರಸೀತಿ ಇಟ್ಟುಕೊಳ್ಳಿ ಅನ್ನುವುದು.

ಬಂಧುಗಳೇ, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಯಾಕೆ ಬೇಕಾಯಿತು? ರೈತ ಒಬ್ಬನೇ ಸಾಹುಕಾರನ ಮುಂದೆ ನಿಂತಾಗ ಬರೆದಿದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದ. ಹತ್ತು ಜನ ಕೂಡಿದಾಗ ಲೆಕ್ಕ ಕೇಳುವ ಧೈರ್ಯ ಬಂತು. ಈಗ ನೋಡಿ, ಫೋನು ನಮ್ಮನ್ನು ಮತ್ತೆ ಒಬ್ಬೊಬ್ಬರನ್ನಾಗಿ ಮಾಡಿದೆ. ರಾತ್ರಿ ಹತ್ತು ಗಂಟೆಗೆ, ಹಾಸಿಗೆಯ ಮೇಲೆ, ಯಾರನ್ನೂ ಕೇಳದೆ ಪಿನ್ ಒತ್ತುತ್ತೇವೆ. ಹೆಬ್ಬೆಟ್ಟು ಹೋಗಿ ಬೆರಳು ಬಂದಿದೆ. ಮೋಸಗಾರನಿಗೆ ಬೇಕಾದದ್ದು ಎರಡೇ, ನಾವು ಒಂಟಿಯಾಗಿರಬೇಕು, ಅವಸರದಲ್ಲಿರಬೇಕು. ಇದಕ್ಕೆ ಮದ್ದೂ ನಮ್ಮ ಸಂಘದ ರೂಢಿಯಲ್ಲೇ ಇದೆ. ಎಷ್ಟೇ ನಂಬಿಕಸ್ಥರ ಹಾಲಾದರೂ ಎಲ್ಲರ ಎದುರು ಪರೀಕ್ಷೆ ಮಾಡಿ ತಾನೇ ತಗೊಳ್ಳುತ್ತೇವೆ? ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದುಡ್ಡಿಗೂ ಅದೇ ಪದ್ಧತಿ ಬರಲಿ.

ಅದಕ್ಕಾಗಿ ನಾಲ್ಕು ವಿಷಯ ಸಭೆಯ ಮುಂದೆ ಇಡುತ್ತೇನೆ. ಮೊದಲನೆಯದು, ಹೊಸ ಜಾಗಕ್ಕೆ 2 ಸಾವಿರಕ್ಕಿಂತ ಹೆಚ್ಚು ದುಡ್ಡು ಕಳಿಸುವ ಮುಂಚೆ ಡೇರಿ ಹತ್ತಿರ ಇಬ್ಬರನ್ನು ಕೇಳುವ ರೂಢಿ ಮಾಡಿಕೊಳ್ಳೋಣ. ಒಂದು ರಾತ್ರಿ ಕಾದರೆ ನಿಜವಾದ ಅಂಗಡಿ ಓಡಿಹೋಗುವುದಿಲ್ಲ. ಎರಡನೆಯದು, ಬಟವಾಡೆ ಬೀಳುವ ಖಾತೆಗೆ ಯುಪಿಐ ಜೋಡಿಸಬೇಡಿ. ಬೇರೆ ಒಂದು ಖಾತೆ ಮಾಡಿಕೊಂಡು ಅದರಲ್ಲಿ ಎರಡು ಮೂರು ಸಾವಿರ ಮಾತ್ರ ಇಟ್ಟು ಅದರಿಂದ ಕೊಳ್ಳಿ. ಹೋದರೂ ಅಷ್ಟೇ ಹೋಗುತ್ತದೆ, ಹಗೇವು ಬರಿದಾಗುವುದಿಲ್ಲ. ಮೂರನೆಯದು, ಹಾಲು ಕರೆಯುವ ಯಂತ್ರದಂಥ ದೊಡ್ಡ ಸಾಮಾನು ಹತ್ತು ಜನಕ್ಕೆ ಬೇಕಾದರೆ ಸಂಘಕ್ಕೆ ಹೇಳಿ. ಮಾರುವವರನ್ನೇ ಇಲ್ಲಿಗೆ ಕರೆಸಿ, ನಮ್ಮ ಹಸುವಿನ ಮೇಲೇ ನಡೆಸಿ ತೋರಿಸಲಿ. ದರವೂ ಇಳಿಯುತ್ತದೆ, ಮುಂದೆ ರಿಪೇರಿಗೂ ಆಳು ಸಿಗುತ್ತದೆ. ನಾಲ್ಕನೆಯದು, 1930 ಮತ್ತು 1915 ಈ ಎರಡು ನಂಬರುಗಳನ್ನು ಡೇರಿಯ ಗೋಡೆಯ ಮೇಲೆ, ಫ್ಯಾಟಿನ ಪಟ್ಟಿಯ ಪಕ್ಕದಲ್ಲೇ, ದೊಡ್ಡದಾಗಿ ಬರೆಸೋಣ.

ಐದನೆಯದನ್ನು ಠರಾವು ಮಾಡಲು ಬರುವುದಿಲ್ಲ, ಮನಸ್ಸಿನಲ್ಲಿ ಮಾಡಿಕೊಳ್ಳಬೇಕು. ಮೋಸ ಹೋದವರನ್ನು ನೋಡಿ ನಗುವುದಿಲ್ಲ ಅಂತ. ಓದಿದವರು, ಅಧಿಕಾರದಲ್ಲಿದ್ದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರೂ ಮೋಸ ಹೋಗಿದ್ದಾರೆ. ಮನೆಯಲ್ಲಿ ಹೆಂಡತಿಗೋ ತಾಯಿಗೋ ಮಗನಿಗೋ ಹೀಗಾದರೆ ಮೊದಲು 1930ಕ್ಕೆ ಫೋನ್ ಹೋಗಲಿ. ಬೈಗುಳ ಇದ್ದರೆ ಆಮೇಲೆ ನೋಡಿಕೊಳ್ಳೋಣ, ಅಷ್ಟು ಹೊತ್ತಿಗೆ ಅದು ಬೇಕು ಅಂತಲೂ ಅನಿಸುವುದಿಲ್ಲ. ಸಂಘ ಅಂದರೆ ಹಾಲಿನ ಕ್ಯಾನು, ಕಟ್ಟಡ, ಲೆಕ್ಕದ ಪುಸ್ತಕ ಇಷ್ಟೇ ಅಲ್ಲ. ಕಷ್ಟ ಬಂದಾಗ ನಾಚಿಕೆಯಿಲ್ಲದೆ ಬಂದು ಹೇಳಿಕೊಳ್ಳುವ ಜಾಗ ಅಂತ ನಾನು ತಿಳಿದಿದ್ದೇನೆ.

 ಸಂಜೆಯ ಹಾಲು ಕರೆಯುವ ಹೊತ್ತಾಯಿತು, ಹೆಚ್ಚು ಹಿಡಿದಿಡುವುದಿಲ್ಲ. 

ಜೈ ಸಹಕಾರ. ಜೈ ಕರ್ನಾಟಕ.